ಒಂದು ಮತದ ಸೋಲು, ಹತ್ತೊಂಬತ್ತು ವರ್ಷದ ದಾರಿ: ಎ.ಆರ್. ಕೃಷ್ಣಮೂರ್ತಿ ಅವರ ರಾಜಕೀಯ ಬದುಕಿನ ಬಗ್ಗೆ ಮಾತನಾಡೋಣ

ಸುವರ್ಣಾವತಿ ದಂಡೆ

ಚುನಾವಣೆ ಬಂತೆಂದರೆ ನಮ್ಮ ಕಡೆಯ ಒಂದು ಕಥೆ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತದೆ. ಸಂತೇಮರಹಳ್ಳಿಯಲ್ಲಿ ಒಬ್ಬರು ಒಂದೇ ಮತದಿಂದ ಸೋತರು, ಅವರ ಕಾರಿನ ಚಾಲಕನೇ ಮತ ಹಾಕಿರಲಿಲ್ಲವಂತೆ, ಆದ್ದರಿಂದ ನೀವು ತಪ್ಪದೆ ಮತ ಹಾಕಿ. ಅಲ್ಲಿಗೆ ಕಥೆ ಮುಗಿಯುತ್ತದೆ. ಆ ಒಬ್ಬರು ಯಾರು, ಆಮೇಲೆ ಅವರು ಏನಾದರು, ಗೆದ್ದವರು ಏನಾದರು ಎಂದು ಯಾರೂ ಕೇಳುವುದಿಲ್ಲ. ಯಳಂದೂರು ತಾಲ್ಲೂಕಿನಲ್ಲಿ ಹುಟ್ಟಿ ಬೆಳೆದ ನನಗೆ ಇದು ಬಹಳ ದಿನಗಳಿಂದ ಮನಸ್ಸಿನಲ್ಲಿ ಕೊರೆಯುತ್ತಿದೆ. ಅದಕ್ಕಾಗಿಯೇ ಈ ಚರ್ಚೆ ಆರಂಭಿಸುತ್ತಿದ್ದೇನೆ.

ಮೊದಲು ನಡೆದದ್ದನ್ನು ಹೇಳಿಬಿಡುತ್ತೇನೆ. 2004ರಲ್ಲಿ ಲೋಕಸಭೆಗೂ ವಿಧಾನಸಭೆಗೂ ಒಟ್ಟಿಗೆ ಚುನಾವಣೆ ನಡೆಯಿತು. ಪರಿಶಿಷ್ಟ ಜಾತಿಗೆ ಮೀಸಲಾಗಿದ್ದ ಸಂತೇಮರಹಳ್ಳಿಯಲ್ಲಿ ಕಾಂಗ್ರೆಸ್ಸಿನಿಂದ ಆರ್. ಧ್ರುವನಾರಾಯಣ, ಜೆಡಿಎಸ್‌ನಿಂದ ಎ.ಆರ್. ಕೃಷ್ಣಮೂರ್ತಿ ನಿಂತಿದ್ದರು. ಧ್ರುವನಾರಾಯಣ ಅವರಿಗೆ 40,752 ಮತ ಬಂತು, ಕೃಷ್ಣಮೂರ್ತಿ ಅವರಿಗೆ 40,751. ಕೃಷ್ಣಮೂರ್ತಿ ಹೊಸಬರೇನಲ್ಲ. ಅದಕ್ಕೂ ಮುಂಚೆ ಶಾಸಕರಾಗಿದ್ದವರು. ಅವರ ತಂದೆ ಬಿ. ರಾಚಯ್ಯ ನಮ್ಮ ರಾಜ್ಯದಲ್ಲಿ ಮಂತ್ರಿಯಾಗಿದ್ದವರು, ಮುಂದೆ ಕೇರಳದ ರಾಜ್ಯಪಾಲರಾದವರು. ನಮ್ಮ ಸೀಮೆಯ ಹಿರಿಯರು ಇಂದಿಗೂ ‘ರಾಚಯ್ಯನವರ ಮಗ’ ಎಂದೇ ಗುರುತು ಹಿಡಿಯುತ್ತಾರೆ.

ಮೇ 13ರಂದು ಎಣಿಕೆ. ನಾನು ಆಗ ಪಿಯುಸಿ ಮುಗಿಸಿ ರಜೆಯಲ್ಲಿದ್ದೆ. ಸಂತೇಮರಹಳ್ಳಿಯಲ್ಲಿ ಬಸ್ಸು ಬದಲಿಸಲು ಇಳಿದಾಗ ಟೀ ಅಂಗಡಿಯ ಮುಂದೆ ಗುಂಪು ಸೇರಿತ್ತು. ಒಬ್ಬರು ಓಡಿ ಬಂದು “ಒಂದರಲ್ಲಿ ಹೋಯಿತು” ಎಂದರು. “ಒಂದು ಸಾವಿರವೋ ಒಂದು ನೂರೋ ಸರಿಯಾಗಿ ಹೇಳಪ್ಪ” ಎಂದು ಅಂಗಡಿಯವರು ಗದರಿದರು. ಬಂದವರು ಬಾಯಿಬಿಡದೆ ಒಂದು ಬೆರಳನ್ನು ಎತ್ತಿ ತೋರಿಸಿದರು. ಆ ಬೆರಳಿನ ಉಗುರಿನ ಬುಡದಲ್ಲಿ ಮತದಾನದ ಶಾಯಿ ಇನ್ನೂ ಮಾಸಿರಲಿಲ್ಲ.

ಅದಾದ ಮೇಲೆ ಕೃಷ್ಣಮೂರ್ತಿ ಮತ್ತೆ ವಿಧಾನಸಭೆಯ ಮೆಟ್ಟಿಲು ಹತ್ತಿದ್ದು 2023ರಲ್ಲಿ. ಕೊಳ್ಳೇಗಾಲದಲ್ಲಿ ಈ ಬಾರಿ ಅಂತರ 59,519. ಆ ಎಣಿಕೆಯೂ ಮೇ 13ರಂದೇ ನಡೆಯಿತು. ದಿನಕ್ಕೆ ದಿನ ಹತ್ತೊಂಬತ್ತು ವರ್ಷ. ನಡುವಿನ ಈ ಹತ್ತೊಂಬತ್ತು ವರ್ಷಗಳೇ ಒಬ್ಬ ರಾಜಕಾರಣಿಯ ನಿಜವಾದ ಪರೀಕ್ಷೆ ಎಂದು ನನ್ನ ಭಾವನೆ. ನಿಮ್ಮ ಅಭಿಪ್ರಾಯ ತಿಳಿಸಿ.

ನಿವೃತ್ತ ಮೇಷ್ಟ್ರು

ಒಳ್ಳೆಯ ವಿಷಯ ಎತ್ತಿದಿರಿ. ನಾನು ಸಂತೇಮರಹಳ್ಳಿಯಲ್ಲಿ ಕೆಲಸ ಮಾಡಿದವನಲ್ಲ. ಆದರೆ ಅದೇ 2004ರಲ್ಲಿ ಮತ್ತೊಂದು ಜಿಲ್ಲೆಯಲ್ಲಿ ಎಣಿಕೆಗೆ ಹೋಗಿದ್ದೆ. ಹೊರಗಿನವರಿಗೆ ಎಣಿಕೆ ಎಂದರೆ ದೊಡ್ಡ ಗದ್ದಲ ಎಂಬ ಕಲ್ಪನೆ ಇರುತ್ತದೆ. ಮೇಜಿನ ಮುಂದೆ ಹಾಗಿರುವುದಿಲ್ಲ. ಕಬ್ಬಿಣದ ಜಾಲರಿಯ ಆಚೆ ಏಜೆಂಟರು ಬಗ್ಗಿ ನಿಂತಿರುತ್ತಾರೆ. ಮತಯಂತ್ರದ ಕಂಟ್ರೋಲ್ ಯೂನಿಟ್ಟಿನ ಸೀಲು ತೋರಿಸಿ, ಒಡೆದು, ಫಲಿತಾಂಶದ ಗುಂಡಿ ಒತ್ತಿದರೆ ಒಬ್ಬೊಬ್ಬ ಅಭ್ಯರ್ಥಿಯ ಸಂಖ್ಯೆ ಕೆಂಪಕ್ಷರದಲ್ಲಿ ಬಂದು ಹೋಗುತ್ತದೆ. ಕಣ್ಣು ಮಿಟುಕಿಸಿದರೆ ತಪ್ಪಿಹೋಗುತ್ತದೆ. ಏಜೆಂಟರು “ಇನ್ನೊಂದು ಸಲ ಸಾರ್” ಎನ್ನುತ್ತಾರೆ, ಮತ್ತೆ ಒತ್ತುತ್ತೇವೆ. ಅವರ ಕೈಯಲ್ಲಿ ಮತಗಟ್ಟೆಯಿಂದ ತಂದ 17ಸಿ ನಮೂನೆಯ ಪ್ರತಿ ಇರುತ್ತದೆ. ಅಂದು ಹಾಕಿದ ಒಟ್ಟು ಮತ, ಇಂದು ಯಂತ್ರ ತೋರಿಸುವ ಒಟ್ಟು ಮತ, ಎರಡೂ ತಾಳೆಯಾಗಬೇಕು.

ಮರುಎಣಿಕೆ ಕೇಳುವ ಅವಕಾಶ ಚುನಾವಣೆ ನಡೆಸುವ ನಿಯಮಗಳ ಪೈಕಿ ನಿಯಮ 63ರಲ್ಲಿ ಇದೆ. ಕಾರಣ ಬರೆದು ಚುನಾವಣಾಧಿಕಾರಿಗೆ ಅರ್ಜಿ ಕೊಡಬೇಕು. ಆದರೆ ಯಂತ್ರವನ್ನು ಹತ್ತು ಸಲ ಒತ್ತಿದರೂ ಅದೇ ಅಂಕಿ. ಆಗ ಹಾಕಿದ ಮತವನ್ನು ಚೀಟಿಯಲ್ಲಿ ಮುದ್ರಿಸುವ ವಿವಿಪ್ಯಾಟ್ ಇರಲಿಲ್ಲ, ಎಣಿಸಲು ಚೀಟಿಗಳೂ ಇರಲಿಲ್ಲ. ಅಲ್ಪ ಅಂತರ ಇದ್ದಾಗ ಎಲ್ಲರ ಕಣ್ಣು ಬೀಳುವುದು ಅಂಚೆ ಮತಗಳ ಮೇಲೆ. ಘೋಷಣೆಯ ಪತ್ರಕ್ಕೆ ಸಹಿ ಇಲ್ಲ, ದೃಢೀಕರಣ ಇಲ್ಲ, ಲಕೋಟೆ ತಪ್ಪಾಗಿದೆ ಎಂದು ತಿರಸ್ಕೃತವಾಗುವ ಮತಗಳು ಯಾವಾಗಲೂ ಇರುತ್ತವೆ. ಅವುಗಳನ್ನು ಕಳುಹಿಸಿದವರಲ್ಲಿ ನನ್ನಂಥ ಮೇಷ್ಟ್ರುಗಳೇ ಹೆಚ್ಚು! ಇಡೀ ಊರಿಗೆ ಮತದಾನ ಮಾಡಿಸಿ ಬಂದವನ ಸ್ವಂತ ಮತ ಒಂದು ಸಹಿಯ ಕೊರತೆಯಿಂದ ಕಸವಾಗುತ್ತದೆ. ಚಾಲಕನ ಕಥೆ ಹೇಳುವವರು ಇದನ್ನೂ ಸ್ವಲ್ಪ ಯೋಚಿಸಬೇಕು.

ಕಬ್ಬಿನ ಗದ್ದೆ

ಮೇಷ್ಟ್ರೇ, ಒಂದು ಅನುಮಾನ. ಇಬ್ಬರಿಗೂ 40,751 ಬಂದಿದ್ದರೆ ಏನಾಗುತ್ತಿತ್ತು? ಮರುಚುನಾವಣೆಯೇ?

ನಿವೃತ್ತ ಮೇಷ್ಟ್ರು

ಇಲ್ಲ. ಪ್ರಜಾಪ್ರತಿನಿಧಿ ಕಾಯ್ದೆಯ 65ನೇ ಕಲಂ ಪ್ರಕಾರ ಅಲ್ಲೇ ಚೀಟಿ ಎತ್ತುತ್ತಾರೆ. ಚೀಟಿ ಯಾರಿಗೆ ಬರುತ್ತದೋ ಅವರಿಗೆ ಒಂದು ಮತ ಹೆಚ್ಚು ಬಂದಂತೆ ಲೆಕ್ಕ. ಹಾಗಾಗಿ ಆಗಲೂ ಅಂತರ ಒಂದೇ ಇರುತ್ತಿತ್ತು. ಯಾರ ಪಾಲಿಗೆ ಎಂಬುದು ಮಾತ್ರ ದೈವದ ಕೈಯಲ್ಲಿ.

ಜೈಪುರ ಕನ್ನಡಿಗ

ನಾನು ಹಲವು ವರ್ಷಗಳಿಂದ ರಾಜಸ್ಥಾನದಲ್ಲಿದ್ದೇನೆ. ಇಲ್ಲಿಯೂ ಇಂಥದೇ ಒಂದು ಪ್ರಕರಣವಿದೆ. 2008ರ ಚುನಾವಣೆಯಲ್ಲಿ ಸಿ.ಪಿ. ಜೋಶಿ ಪ್ರದೇಶ ಕಾಂಗ್ರೆಸ್ ಅಧ್ಯಕ್ಷರು. ಪಕ್ಷ ಗೆದ್ದರೆ ಮುಖ್ಯಮಂತ್ರಿ ಆಗಬಹುದೆಂದು ಕೇಳಿಬರುತ್ತಿದ್ದ ಹೆಸರುಗಳಲ್ಲಿ ಅವರದೂ ಒಂದು. ನಾಥದ್ವಾರದಲ್ಲಿ ಬಿಜೆಪಿಯ ಕಲ್ಯಾಣ್ ಸಿಂಗ್ ಚೌಹಾಣ್ ಅವರಿಗೆ 62,216 ಮತ, ಜೋಶಿಯವರಿಗೆ 62,215. ಪಕ್ಷ ಅಧಿಕಾರಕ್ಕೆ ಬಂತು, ಅಧ್ಯಕ್ಷರೇ ಶಾಸನಸಭೆಯಿಂದ ಹೊರಗುಳಿದರು. ಅವರ ಮನೆಯವರೇ ಮತ ಹಾಕಿರಲಿಲ್ಲ ಎಂಬ ಮಾತು ಇಲ್ಲಿಯೂ ಹಬ್ಬಿದೆ. ಒಂದು ಮತದ ಸೋಲಿಗೆ ಜನ ಹುಡುಕುವುದು ಹತ್ತಿರದವರನ್ನೇ ಅನಿಸುತ್ತದೆ. ಅಲ್ಲಿ ಚಾಲಕ, ಇಲ್ಲಿ ಹೆಂಡತಿ.

ಆದರೆ ಇಬ್ಬರ ಮುಂದಿನ ದಾರಿ ಬೇರೆ. ಜೋಶಿಯವರು ಆರೇ ತಿಂಗಳೊಳಗೆ ಭಿಲ್ವಾರಾದಿಂದ ಲೋಕಸಭೆಗೆ ಗೆದ್ದು ಕೇಂದ್ರ ಸಚಿವರಾದರು. 2018ರಲ್ಲಿ ಅದೇ ನಾಥದ್ವಾರದಲ್ಲಿ ಗೆದ್ದು ವಿಧಾನಸಭೆಯ ಅಧ್ಯಕ್ಷರೂ ಆದರು. ದೊಡ್ಡ ಪಕ್ಷದ ದೊಡ್ಡ ಹುದ್ದೆಯಲ್ಲಿದ್ದವರಿಗೆ ಬಿದ್ದ ಕಡೆ ಹಾಸಿಗೆ ಸಿಗುತ್ತದೆ. ಕೃಷ್ಣಮೂರ್ತಿಯವರಿಗೆ ಅಂಥದ್ದು ಇರಲಿಲ್ಲ.

ಸುವರ್ಣಾವತಿ ದಂಡೆ

ನೀವು ಹೇಳಿದ್ದು ಸರಿ. ಅದರ ಮೇಲೆ ಇವರಿಗೆ ಕ್ಷೇತ್ರವೂ ಉಳಿಯಲಿಲ್ಲ! ಸೋತವರು ಮನೆಗೆ ಬಂದು “ಮುಂದಿನ ಸಲ ನೋಡೋಣ” ಎನ್ನುವಂತಿರಲಿಲ್ಲ. 2008ರ ಹೊತ್ತಿಗೆ ಕ್ಷೇತ್ರ ಪುನರ್ವಿಂಗಡಣೆಯಾಗಿ ಸಂತೇಮರಹಳ್ಳಿ ಎಂಬ ವಿಧಾನಸಭಾ ಕ್ಷೇತ್ರವೇ ಪಟ್ಟಿಯಿಂದ ಅಳಿಸಿಹೋಯಿತು. ಯಳಂದೂರು ತಾಲ್ಲೂಕು, ಸಂತೇಮರಹಳ್ಳಿ ಹೋಬಳಿ ಕೊಳ್ಳೇಗಾಲಕ್ಕೆ ಸೇರಿದವು. ಆ ಹೊಸ ಕೊಳ್ಳೇಗಾಲದಲ್ಲಿ 2008ರಲ್ಲಿ ಗೆದ್ದವರು ಮತ್ತೆ ಧ್ರುವನಾರಾಯಣ ಅವರೇ.

ಮರುವರ್ಷ ಚಾಮರಾಜನಗರ ಲೋಕಸಭೆಗೆ ಇವರಿಬ್ಬರೇ ಎದುರಾದರು. ಕೃಷ್ಣಮೂರ್ತಿ ಆಗ ಬಿಜೆಪಿ ಅಭ್ಯರ್ಥಿ. ಎಂಟು ವಿಧಾನಸಭಾ ಕ್ಷೇತ್ರಗಳ ಕಣದಲ್ಲಿ ಸೋತದ್ದು 4,002 ಮತಗಳಿಂದ. ಯೋಚಿಸಿ, ಒಂದು ಕ್ಷೇತ್ರಕ್ಕೆ ಐನೂರರಂತೆ. 2014ರಲ್ಲಿ ಮತ್ತೆ ಅದೇ ಜೋಡಿ. ಈ ಸಲ ಅಂತರ 1,41,182. ದೇಶದಾದ್ಯಂತ ಬಿಜೆಪಿಯ ಗಾಳಿ ಇದ್ದ ವರ್ಷದಲ್ಲಿ ನಮ್ಮ ಜಿಲ್ಲೆಯಲ್ಲಿ ಧ್ರುವನಾರಾಯಣ ಅವರು ಅಷ್ಟು ಅಂತರದಿಂದ ಗೆದ್ದರು.

ಒಬ್ಬನೇ ಎದುರಾಳಿಯ ಮುಂದೆ ಮೂರು ಸಲ ಸೋಲುವುದು ಎಂದರೇನು! ಮೊದಲನೆಯದನ್ನು ವಿಧಿ ಎನ್ನಬಹುದು. ಎರಡನೆಯದು ಕೈಗೆ ಬಂದ ತುತ್ತು ಬಾಯಿಗೆ ಬಾರದಂತಾಯಿತು. ಮೂರನೆಯದಕ್ಕೆ ಯಾವ ಸಮಾಧಾನವೂ ಇಲ್ಲ. ಅದರ ಬಳಿಕ ಅವರು ಸೇರಿದ್ದು ಧ್ರುವನಾರಾಯಣ ಅವರು ಇದ್ದ ಕಾಂಗ್ರೆಸ್ಸನ್ನೇ. 2018ರಲ್ಲಿ ಕೃಷ್ಣಮೂರ್ತಿ ಕೊಳ್ಳೇಗಾಲದ ಕಾಂಗ್ರೆಸ್ ಅಭ್ಯರ್ಥಿ, ಧ್ರುವನಾರಾಯಣ ಅದೇ ಪಕ್ಷದ ಸಂಸದ. ಒಂದು ಮತದ ಎರಡು ಬದಿಯಲ್ಲಿ ನಿಂತಿದ್ದವರ ಹೆಸರು ಒಂದೇ ಕರಪತ್ರದಲ್ಲಿ.

ಹೊಸ ಮತದಾರ

ಕ್ಷಮಿಸಿ, ನಾನು ಒಪ್ಪುವುದಿಲ್ಲ. ಜೆಡಿಎಸ್, ಬಿಜೆಪಿ, ಕಾಂಗ್ರೆಸ್ ಎಂದು ಮೂರು ಪಕ್ಷ ಸುತ್ತಿದವರನ್ನು ನೀವು ಛಲದ ಮಾದರಿ ಎಂಬಂತೆ ಬರೆಯುತ್ತಿದ್ದೀರಿ. ತತ್ವ ಎಂಬುದು ಬೇಡವೇ? ನಾನು 2023ರಲ್ಲಿ ಮೊದಲ ಸಲ ಮತ ಹಾಕಿದವನು. ಕೊಳ್ಳೇಗಾಲದ ಕಣದಲ್ಲಿ ಪ್ರಮುಖರಾಗಿದ್ದ ಇಬ್ಬರೂ ಹಿಂದೆ ಬೇರೆ ಬೇರೆ ಪಕ್ಷದಲ್ಲಿದ್ದವರೇ. ಯಾರ ಮಾತನ್ನು ನಂಬಿ ಗುಂಡಿ ಒತ್ತಬೇಕಿತ್ತು?

ಬಿಳಿಗಿರಿ

ತಮ್ಮಾ, ನಿನ್ನ ಸಿಟ್ಟು ನ್ಯಾಯವಾದದ್ದು. ಆದರೆ ಆ ಇಬ್ಬರಲ್ಲಿ ಇನ್ನೊಬ್ಬರಾದ ಎನ್. ಮಹೇಶ್ ಅವರ ವಿಷಯವನ್ನು ಒಂದೇ ವಾಕ್ಯದಲ್ಲಿ ಮುಗಿಸಬೇಡ. ಕೆಎಎಸ್ ಹುದ್ದೆಯನ್ನು ಬಿಟ್ಟು ಬಹುಜನ ಚಳವಳಿಗೆ ಬಂದವರು ಅವರು. ಬಿಎಸ್‌ಪಿಯ ಆನೆ ಗುರುತಿಗೆ ನಮ್ಮ ರಾಜ್ಯದಲ್ಲಿ ಯಾರೂ ಬೆಲೆ ಕೊಡದಿದ್ದ ಕಾಲದಲ್ಲಿ ಊರೂರು ತಿರುಗಿ, ಸೋತು, ಮತ್ತೆ ನಿಂತು, 2018ರಲ್ಲಿ ಕೃಷ್ಣಮೂರ್ತಿಯವರನ್ನು 19,454 ಮತಗಳಿಂದ ಸೋಲಿಸಿದರು. ಆ ದಿನ ಹಳ್ಳಿಗಳಲ್ಲಿ ಹಬ್ಬವೇ ಆಗಿತ್ತು. ಅಂಬೇಡ್ಕರ್ ಪಟದ ಮುಂದೆ ದೀಪ ಹಚ್ಚಿ ಅತ್ತವರನ್ನು ನಾನು ಕಂಡಿದ್ದೇನೆ. ಸಮ್ಮಿಶ್ರ ಸರ್ಕಾರದಲ್ಲಿ ಪ್ರಾಥಮಿಕ ಮತ್ತು ಪ್ರೌಢಶಿಕ್ಷಣ ಸಚಿವರಾದರು, ಕೆಲವೇ ತಿಂಗಳಲ್ಲಿ ರಾಜೀನಾಮೆ ಕೊಟ್ಟರು. 2019ರಲ್ಲಿ ವಿಶ್ವಾಸಮತದ ದಿನ ಸದನಕ್ಕೆ ಹೋಗಲಿಲ್ಲ. ಪಕ್ಷ ಉಚ್ಚಾಟಿಸಿತು. 2021ರಲ್ಲಿ ಬಿಜೆಪಿ ಸೇರಿದರು.

ನನಗೆ ನೋವಾದದ್ದು ಅಲ್ಲಿ. ಅವರಿಗೆ ಅವರದೇ ಕಾರಣಗಳಿದ್ದವು, ನಿಜ. ಆದರೆ ಆನೆಯ ಗುರುತಿಗೆ ಒತ್ತಿದ 71 ಸಾವಿರ ಬೆರಳುಗಳಿಗೂ ಕಾರಣಗಳಿದ್ದವಲ್ಲ! 2023ರಲ್ಲಿ ಅವರಿಗೆ ಬಂದದ್ದು 48,844, ಕೃಷ್ಣಮೂರ್ತಿಯವರಿಗೆ 1,08,363. ಐದು ವರ್ಷದಲ್ಲಿ ಅಂತರ ಹೀಗೆ ತಿರುಗಿದ್ದಕ್ಕೆ ರಾಜ್ಯದಲ್ಲಿ ಆಗ ಎದ್ದಿದ್ದ ಕಾಂಗ್ರೆಸ್ ಅಲೆಯೊಂದೇ ಕಾರಣ ಎಂದು ನಾನು ಒಪ್ಪುವುದಿಲ್ಲ. ಗೆದ್ದ ಬಳಿಕ ಬದಲಾಯಿಸುವುದಕ್ಕೂ ಸೋತ ಬಳಿಕ ಬದಲಾಯಿಸುವುದಕ್ಕೂ ನಮ್ಮ ಜನ ವ್ಯತ್ಯಾಸ ಮಾಡುತ್ತಾರೆ. ಸೋತವನು ಎಲ್ಲಿಗೆ ಹೋದರೂ ತನ್ನದನ್ನು ಮಾತ್ರ ಹೊತ್ತುಕೊಂಡು ಹೋಗುತ್ತಾನೆ. ಗೆದ್ದವನು ಹೋದರೆ ನಮ್ಮದನ್ನೂ ಹೊತ್ತುಕೊಂಡು ಹೋಗುತ್ತಾನೆ.

ಹೊಸ ಮತದಾರ

ಬಿಳಿಗಿರಿ ಅಣ್ಣ, ಈ ವ್ಯತ್ಯಾಸ ನನಗೆ ಹೊಳೆದಿರಲಿಲ್ಲ. ಆದರೂ ಪೂರ್ತಿ ಒಪ್ಪಲಾರೆ. ಪಕ್ಷಕ್ಕಾಗಿ ಇಪ್ಪತ್ತು ವರ್ಷ ಬಾವುಟ ಕಟ್ಟಿದ ಕಾರ್ಯಕರ್ತ ಒಬ್ಬ ಇರುತ್ತಾನೆ. ಹೊರಗಿನಿಂದ ಬಂದವರಿಗೆ ಟಿಕೆಟ್ ಸಿಕ್ಕಾಗ ಅವನ ಪಾಡೇನು?

ಬಿಳಿಗಿರಿ

ಆ ಪ್ರಶ್ನೆಗೆ ನನ್ನ ಬಳಿ ಉತ್ತರವಿಲ್ಲ ತಮ್ಮಾ. ನಾನೂ ಬಾವುಟ ಕಟ್ಟಿದವನೇ.

ನಂಜನಗೂಡು ರಸಬಾಳೆ

ಧ್ರುವನಾರಾಯಣ ಅವರ ಬಗ್ಗೆಯೂ ನಾಲ್ಕು ಮಾತು ಬೇಕು. ಒಂದು ಮತದ ಕಥೆಯಲ್ಲಿ ಗೆದ್ದವರ ಹೆಸರನ್ನು ಜನ ಮರೆತೇಬಿಡುತ್ತಾರೆ. ಕೃಷಿ ವಿಜ್ಞಾನ ಓದಿದ್ದವರು, ಹೆಗ್ಗವಾಡಿಯವರು. ಒಂದು ಮತದಿಂದ ಗೆದ್ದವರಿಗೆ ಪ್ರತಿ ಮನೆಯೂ ‘ಆ ಮತ ನಮ್ಮದೇ’ ಎಂದು ಹೇಳಿಕೊಳ್ಳಬಹುದು. ನಮ್ಮ ಸೋದರಮಾವನ ಮನೆಯಲ್ಲಿ ಹಾಗೆಯೇ ಹೇಳುತ್ತಿದ್ದರು, ಅವರ ಎದುರಿನ ಮನೆಯವರೂ ಹಾಗೆಯೇ ಹೇಳುತ್ತಿದ್ದರು. ಧ್ರುವನಾರಾಯಣ ಅವರು ಯಾರಿಗೂ ‘ಅಲ್ಲ’ ಎಂದವರಲ್ಲ. ಸಂಸದರಾದ ಮೇಲೂ ಮದುವೆ, ತಿಥಿ, ಊರಹಬ್ಬ ಬಿಡದೆ ಬರುತ್ತಿದ್ದರು. ಕೊನೆಯ ಸಾಲಿನಲ್ಲಿ ಕುಳಿತು ಊಟ ಮಾಡಿ ಹೋದದ್ದನ್ನು ನಾನೇ ಕಂಡಿದ್ದೇನೆ.

ಅಷ್ಟೆಲ್ಲ ಆದರೂ 2019ರ ಲೋಕಸಭೆ ಚುನಾವಣೆಯಲ್ಲಿ ಬಿಜೆಪಿಯ ವಿ. ಶ್ರೀನಿವಾಸ ಪ್ರಸಾದ್ ಅವರ ಎದುರು 1,817 ಮತಗಳಿಂದ ಸೋತರು. ಇಬ್ಬರೂ ಐದು ಲಕ್ಷ ಅರವತ್ತಾರು ಸಾವಿರ ದಾಟಿದ್ದ ಸ್ಪರ್ಧೆ ಅದು. ಕೂದಲೆಳೆಯ ಗೆಲುವಿನಿಂದ ಆರಂಭವಾದ ಯಾತ್ರೆಗೆ ಕೂದಲೆಳೆಯ ಸೋಲು. ಆಮೇಲೆ ಕೆಪಿಸಿಸಿ ಕಾರ್ಯಾಧ್ಯಕ್ಷರಾಗಿ, ನಮ್ಮ ನಂಜನಗೂಡಿನಿಂದ ಮತ್ತೆ ವಿಧಾನಸಭೆಗೆ ನಿಲ್ಲುವ ಸಿದ್ಧತೆಯಲ್ಲಿದ್ದರು. 2023ರ ಮಾರ್ಚ್ 11ರ ಬೆಳಿಗ್ಗೆ ಹೃದಯಾಘಾತದ ಸುದ್ದಿ ಬಂತು. 61 ವರ್ಷ. ತಿಂಗಳು ತುಂಬುವ ಮೊದಲೇ ಅವರ ಪತ್ನಿಯೂ ತೀರಿಕೊಂಡರು. ಅದೇ ಟಿಕೆಟ್ ಬಯಸಿದ್ದ ಎಚ್.ಸಿ. ಮಹದೇವಪ್ಪ ಹಿಂದೆ ಸರಿದು ಮಗ ದರ್ಶನ್ ಅವರಿಗೆ ದಾರಿ ಬಿಟ್ಟರು. ದರ್ಶನ್ ಗೆದ್ದದ್ದು 47 ಸಾವಿರಕ್ಕೂ ಹೆಚ್ಚು ಮತಗಳಿಂದ. ಸೋತವರು ಶ್ರೀನಿವಾಸ ಪ್ರಸಾದ್ ಅವರ ಅಳಿಯ.

ಕೃಷ್ಣಮೂರ್ತಿ ವಿಧಾನಸಭೆಗೆ ಮರಳಿದ ದಿನ ಧ್ರುವನಾರಾಯಣ ಅವರು ಇರಲಿಲ್ಲ. ಇದ್ದಿದ್ದರೆ ಇಬ್ಬರೂ ಒಂದೇ ಪಕ್ಷದ ಸಾಲಿನಲ್ಲಿ ಕುಳಿತಿರುತ್ತಿದ್ದರೇನೋ. ಇದನ್ನು ನೆನೆದಾಗಲೆಲ್ಲ ಗಂಟಲು ಕಟ್ಟುತ್ತದೆ.

ಕಬ್ಬಿನ ಗದ್ದೆ

2004ರ ಸದನದ ಲೆಕ್ಕವನ್ನೂ ನೆನೆಯಬೇಕು. ಬಿಜೆಪಿ 79, ಕಾಂಗ್ರೆಸ್ 65, ಜೆಡಿಎಸ್ 58. ಯಾರಿಗೂ ಬಹುಮತ ಇಲ್ಲ. ಆ ಒಂದು ಮತ ಆಚೆ ಬಿದ್ದಿದ್ದರೆ 64 ಮತ್ತು 59. ಸರ್ಕಾರ ಬದಲಾಗುತ್ತಿರಲಿಲ್ಲ, ಆದರೆ ಇಬ್ಬರ ಬದುಕು ಬದಲಾಗುತ್ತಿತ್ತು. ಅಲ್ಪ ಅಂತರಗಳು ನಮ್ಮಲ್ಲಿ ಕಡಿಮೆಯೇನಲ್ಲ. 2006ರ ಚಾಮುಂಡೇಶ್ವರಿ ಉಪಚುನಾವಣೆಯಲ್ಲಿ ಸಿದ್ದರಾಮಯ್ಯ ಗೆದ್ದದ್ದು 257 ಮತಗಳಿಂದ. ಆ ಮತಗಳು ಆಚೀಚೆ ಆಗಿದ್ದರೆ ಮುಂದಿನ ರಾಜ್ಯ ರಾಜಕಾರಣವೇ ಬೇರೆಯಾಗಿರುತ್ತಿತ್ತು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. 2023ರಲ್ಲಿ ಜಯನಗರದಲ್ಲಿ ಅಂತರ ಬರೀ 16.

ಚಂದ್ರಂಕಿ

ಇಷ್ಟು ಹೊತ್ತು ಓದುತ್ತಿದ್ದೆ. ಈಗ ನನ್ನದೂ ಒಂದು ಮಾತು. ಎಲ್ಲರೂ ಕೃಷ್ಣಮೂರ್ತಿ, ಧ್ರುವನಾರಾಯಣ ಎನ್ನುತ್ತಿದ್ದೀರಿ. ಆ ಚಾಲಕರ ಬಗ್ಗೆ ಯಾರೂ ಮಾತನಾಡಲಿಲ್ಲ. ಚಾಲಕರಿಗೆ ಮತ ಹಾಕಲು ಬಿಡುವು ಸಿಗಲಿಲ್ಲ ಎಂದು ಆಗ ಪತ್ರಿಕೆಗಳಲ್ಲಿ ಬಂದಿತ್ತು. ಎಷ್ಟು ನಿಜವೋ ಅವರವರಿಗೇ ಗೊತ್ತು. ಆದರೆ ಇಪ್ಪತ್ತು ವರ್ಷದಿಂದ ಆ ಕಥೆಯನ್ನು ಹೇಳುವವರು ಆ ಮನುಷ್ಯನನ್ನು ತಪ್ಪಿತಸ್ಥನ ಸ್ಥಾನದಲ್ಲಿ ನಿಲ್ಲಿಸುತ್ತಾರೆ. ನನಗೆ ಅದನ್ನು ಕೇಳಲಾಗುವುದಿಲ್ಲ.

ನಮ್ಮ ತಂದೆ ಬಾಡಿಗೆ ಜೀಪಿನ ಚಾಲಕರು. ನಮ್ಮ ಕಡೆಯಲ್ಲ, ಬೇರೆ ಜಿಲ್ಲೆಯ ಅಭ್ಯರ್ಥಿಯೊಬ್ಬರಿಗೆ ಎರಡು ಚುನಾವಣೆಗಳಲ್ಲಿ ಓಡಿಸಿದ್ದಾರೆ. ಮತದಾನದ ದಿನ ಬೆಳಗಿನ ಜಾವ ನಾಲ್ಕಕ್ಕೆ ಎದ್ದರೆ ಒಂದು ಮತಗಟ್ಟೆಯಿಂದ ಇನ್ನೊಂದಕ್ಕೆ ಓಟ. ಅಭ್ಯರ್ಥಿ ಇಳಿದು ಒಳಗೆ ಹೋದಾಗ ಇವರು ಸ್ಟೇರಿಂಗಿನ ಮೇಲೆ ತಲೆಯಿಟ್ಟು ಎರಡು ನಿಮಿಷ ಕಣ್ಣು ಮುಚ್ಚುತ್ತಿದ್ದರು. ನಮ್ಮೂರಿನ ಮತಗಟ್ಟೆ ಎಂಬತ್ತು ಕಿಲೋಮೀಟರ್ ದೂರ. “ಸ್ವಾಮಿ, ನನ್ನದೊಂದು ಮತ ಇದೆ” ಎಂದು ಕೇಳಿದ್ದಕ್ಕೆ “ನಿನ್ನ ಒಂದು ಮತದಿಂದ ಏನಾಗುತ್ತದೆ, ಗಾಡಿ ತೆಗೆ” ಎಂಬ ಉತ್ತರ ಬಂತಂತೆ. ಎರಡು ಸಲವೂ ಅಪ್ಪನ ಬೆರಳಿಗೆ ಶಾಯಿ ಬೀಳಲಿಲ್ಲ. ಅಮ್ಮನ ಬೆರಳಿನ ಗುರುತು ನೋಡಿ “ನಿನ್ನದು ಆಯಿತಲ್ಲ” ಎನ್ನುತ್ತಿದ್ದರು.

ಇಂಥವರಿಗೆ ಅಂಚೆ ಮತ ಸಿಗುವುದಿಲ್ಲವೇ? ತಿಳಿದವರು ಹೇಳಿ.

ನಿವೃತ್ತ ಮೇಷ್ಟ್ರು

ಇಲ್ಲ ತಾಯಿ. ಚುನಾವಣಾ ಕರ್ತವ್ಯಕ್ಕೆ ಸರ್ಕಾರ ತೆಗೆದುಕೊಂಡ ಬಸ್ಸು, ಜೀಪುಗಳ ಚಾಲಕರು ಮತ್ತು ಕ್ಲೀನರ್‌ಗಳಿಗೆ ಆ ಸೌಲಭ್ಯ ಉಂಟು. ಮೊದಲೇ ಅರ್ಜಿ ತುಂಬಬೇಕು. ಅಭ್ಯರ್ಥಿಯ ಖಾಸಗಿ ವಾಹನ ಓಡಿಸುವವರಿಗೆ ಇಲ್ಲ. ಆದರೆ ಅವರ ಪರವಾಗಿ ಬೇರೊಂದು ಕಾನೂನು ಇದೆ. ಅದೇ ಪ್ರಜಾಪ್ರತಿನಿಧಿ ಕಾಯ್ದೆಯ 135ಬಿ ಕಲಂ. ಯಾವುದೇ ವ್ಯಾಪಾರ, ಕೈಗಾರಿಕೆ, ಸಂಸ್ಥೆಯಲ್ಲಿ ದುಡಿಯುವ ಮತದಾರನಿಗೆ ಮತದಾನದ ದಿನ ಸಂಬಳ ಸಹಿತ ರಜೆ ಕೊಡಬೇಕು, ದಿನಗೂಲಿಯವರಿಗೂ ಕೂಲಿ ಕಡಿತ ಮಾಡುವಂತಿಲ್ಲ. ತಪ್ಪಿದ ಮಾಲೀಕನಿಗೆ ದಂಡ ಎಷ್ಟು ಗೊತ್ತೇ? ಹೆಚ್ಚೆಂದರೆ 500 ರೂಪಾಯಿ. ಈ ಮೊತ್ತ ನೋಡಿದರೆ ನನಗೆ ನಾಚಿಕೆಯಾಗುತ್ತದೆ.

ಸುವರ್ಣಾವತಿ ದಂಡೆ

ಚಂದ್ರಂಕಿ ಅಕ್ಕ, ನೀವು ಬರೆದದ್ದನ್ನು ಎರಡು ಸಲ ಓದಿದೆ. ನಾನೂ ಕಾಲೇಜು ದಿನಗಳಲ್ಲಿ ಆ ಚಾಲಕನ ಕಥೆಯನ್ನು ಭಾಷಣದಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದವನು. ಆ ಕಥೆಯಲ್ಲಿ ಮತ ಹಾಕದೆ ಉಳಿದ ಬೇರೆ ಸಾವಿರಾರು ಮಂದಿಯನ್ನು ನಾವು ಕೇಳಲೇ ಇಲ್ಲ. ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕೆ ಹೋಗಿ ಬರಲಾಗದವರು, ಪಟ್ಟಿಯಲ್ಲಿ ಹೆಸರು ಬಿಟ್ಟುಹೋದವರು, ಬೆಟ್ಟದ ಪೋಡಿನಿಂದ ಇಳಿದು ಬರುವಷ್ಟರಲ್ಲಿ ಹೊತ್ತು ಮೀರಿದ ಸೋಲಿಗರು. ಅವರೆಲ್ಲರನ್ನೂ ಬಿಟ್ಟು ಒಬ್ಬರನ್ನೇ ಹಿಡಿದುಕೊಂಡೆವು.

ನಿಮ್ಮ ತಂದೆಯವರು ಈಗಲೂ ಗಾಡಿ ಓಡಿಸುತ್ತಾರೆಯೇ?

ಚಂದ್ರಂಕಿ

2023ರವರೆಗೂ ಓಡಿಸಿದರು. ಆ ಚುನಾವಣೆಯಲ್ಲಿಯೂ ಬಾಡಿಗೆಗೆ ಕರೆ ಬಂತು. ಈ ಸಲ ಒಪ್ಪುವ ಮೊದಲೇ ಅಪ್ಪ ಒಂದು ಷರತ್ತು ಹಾಕಿದರು. ಬೆಳಿಗ್ಗೆ ಏಳಕ್ಕೆ ತಮ್ಮೂರಿನಲ್ಲಿ ಮತ ಹಾಕಿ ಆಮೇಲೆ ಬರುವುದು, ಒಪ್ಪಿಗೆ ಇಲ್ಲದಿದ್ದರೆ ಬೇರೆ ಗಾಡಿ ನೋಡಿಕೊಳ್ಳುವುದು. ಕರೆದವರು ಒಪ್ಪಿದರು.

ಅಂದು ನಾನೂ ಅಪ್ಪನ ಜೊತೆ ಹೋಗಿದ್ದೆ. ಆರೂವರೆಗೇ ಶಾಲೆಯ ಗೇಟಿನ ಮುಂದೆ ನಿಂತೆವು, ನಮಗಿಂತ ಮುಂದೆ ಇಬ್ಬರು ಅಜ್ಜಿಯರಿದ್ದರು. ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು, ಜೀಪಿನ ಬೀಗದ ಕೈ ಎಡಗೈಯಲ್ಲಿತ್ತು. ಶಾಯಿ ಹಚ್ಚುವವರು “ಎಡಗೈ ಕೊಡಿ” ಎಂದಾಗ ಆ ಬೀಗದ ಕೈಯನ್ನು ನನ್ನ ಕೈಗೆ ಕೊಟ್ಟರು. ಹೊರಗೆ ಬಂದ ಮೇಲೆ ಶಾಯಿ ಒಣಗುವವರೆಗೆ ಸ್ಟೇರಿಂಗ್ ಮುಟ್ಟಲಿಲ್ಲ.